ಜಯಂತನ ಪಾತ್ರ, ಹತ್ತು ಮಾರ್ಕಿಗೆ

ಧಾರವಾಡದಲ್ಲಿ ಈ ಇಪ್ಪತ್ತೆರಡು ವರ್ಷಗಳಲ್ಲಿ ಬಿ.ಎ. ಪಾಸಾದ ಒಂದು ಲಕ್ಷ ನಲವತ್ತು ಸಾವಿರ ಜನರ ಕನ್ನಡ ಪರೀಕ್ಷೆಯನ್ನು ಒಬ್ಬನೇ ಬರೆದವನು ಬೀರಲಿಂಗ. ಅದೂ ಎಡಗೈಯಲ್ಲಿ, ಬಲಗೈಯಲ್ಲಿ ಝೆರಾಕ್ಸ್ ಮಶೀನಿನ ಮುಚ್ಚಳ ಎತ್ತಿ ಇಳಿಸುತ್ತ. ಅವರಲ್ಲಿ ಹನ್ನೊಂದು ಜನ ತಹಶೀಲ್ದಾರರಾದರು, ಮೂವರು ಮಂತ್ರಿಗಳಾದರು. ಒಬ್ಬ ಸನ್ಯಾಸಿಯಾಗಿ ಹಿಮಾಲಯಕ್ಕೆ ಹೋದವನು ಅಲ್ಲಿಂದಲೂ ಫೋನ್ ಮಾಡಿ, “ಸರ, ಒಂದು ಪೇಪರ್ ಉಳದೈತಿ, ನೋಟ್ಸ್ ಕಳಸ್ರಿ” ಎಂದನಂತೆ. ಹಿಮಾಲಯದಲ್ಲಿ ನೆಟ್‌ವರ್ಕ್ ಇಲ್ಲ ಎನ್ನುವವರಿಗೆ ಬೀರಲಿಂಗನ ಉತ್ತರ ಒಂದೇ: “ನನ್ನ ಫೋನಿಗೆ ಐತಿ.”

ಕಾಲೇಜೊಂದರ ಹಿಂಬಾಗಿಲಿಗೆ ಅಂಟಿಕೊಂಡ ಅವನ ಅಂಗಡಿಯ ಹೆಸರು ‘ಲಕ್ಷ್ಮೀ ಝೆರಾಕ್ಸ್’. ಅಂಗಡಿ ಎಷ್ಟು ದೊಡ್ಡದೆಂದರೆ ಒಳಗೆ ಒಬ್ಬ ನಿಂತು ಸೀನಿದರೆ ಗಿರಾಕಿ ರಸ್ತೆಯಲ್ಲಿ ಒರೆಸಿಕೊಳ್ಳಬೇಕು. ಪಕ್ಕದ ಗೂಡಿನಲ್ಲಿ ಅಬ್ದುಲಗನಿಯ ಬೈಂಡಿಂಗ್ ಅಂಗಡಿ. ಬೀರಲಿಂಗ ಸ್ವತಃ ಬಿ.ಎ. ಎರಡನೆಯ ವರ್ಷಕ್ಕೆ ಕಾಲೇಜು ಬಿಟ್ಟವನು. “ಅವರು ಕಲಸೋದು ಮುಗದಿತ್ತು, ನನ್ನ ಹತ್ತರ ಇನ್ನೂ ಉಳದಿತ್ತು” ಎಂದು ಅದಕ್ಕೆ ಕಾರಣ ಕೊಡುತ್ತಾನೆ. ಪಠ್ಯಪುಸ್ತಕ ಓದಿ, ಬರುವ ಪ್ರಶ್ನೆಗಳನ್ನು ಊಹಿಸಿ, ದುಂಡನೆಯ ಅಕ್ಷರದಲ್ಲಿ ಉತ್ತರ ಬರೆದು, ಮೂವತ್ತು ಪುಟದ ಕಟ್ಟು ಮಾಡಿ ಮಾರುವುದು ಅವನ ಕಸುಬು. ಹುಡುಗರು ಅದಕ್ಕೆ ‘ಬೀರಲಿಂಗ ಸರ್ ನೋಟ್ಸ್’ ಎನ್ನುತ್ತಾರೆ. ಇದನ್ನೇ ಓದಿ ಪಾಸಾದವರು ಮುಂದೆ ಅದೇ ಉತ್ತರಗಳಿಗೆ ಮಾರ್ಕು ಹಾಕಲು ಕುಳಿತರು. ಹೀಗಾಗಿ ಅವನ ತಪ್ಪುಗಳಿಗೂ ಪೂರ್ತಿ ಮಾರ್ಕು ಬರುತ್ತಿದ್ದವು.

ಆ ನೋಟ್ಸಿನ ಮುಕುಟಮಣಿ ಎಂದರೆ ‘ಪಡಸಾಲಿ ಗಡಿಯಾರ’ ಎಂಬ ಹಳೆಯ ನಾಟಕದ ಮೇಲಿನ ಪ್ರಶ್ನೆ: ಜಯಂತನ ಪಾತ್ರವನ್ನು ವಿಮರ್ಶಿಸಿರಿ, ಹತ್ತು ಮಾರ್ಕು. ಜಯಂತ ಹತ್ತಿ ಗಿರಣಿಯ ಸಾವಕಾರರ ಮಗ. ಅದೇ ಗಿರಣಿಯ ಕಾರಕೂನ ಭೀಮರಾಯನ ಮಗಳನ್ನು ಮದುವೆಯಾಗಬೇಕೆಂದು ಹೊರಟವನು. ಮೊದಲನೆಯ ಅಂಕದಲ್ಲಿ ಕಾರಕೂನನ ಮನೆಗೆ ಬಂದು ಗೋಣಿಚೀಲದ ಮೇಲೆ ಕುಳಿತು ಚಹಾ ಕುಡಿಯುತ್ತಾನೆ. ಎರಡನೆಯದರಲ್ಲಿ ತಾಯಿಯ ಎದುರು ಎರಡು ದಿನ ಉಪವಾಸ ಬಿದ್ದು ಒಪ್ಪಿಗೆ ಪಡೆಯುತ್ತಾನೆ. ಮೂರನೆಯ ಅಂಕದಲ್ಲಿ, ನಿಶ್ಚಯದ ದಿನ, ದೊಡ್ಡ ಮನೆಯ ನೆಂಟರು ‘ಹುಡುಗಿಯ ತಂದೆ ಯಾರು’ ಎಂದು ಕೇಳಿದಾಗ ಅಟ್ಟದ ಮೆಟ್ಟಿಲಿಳಿದು ಬಂದು, ಮೂಲೆಯಲ್ಲಿ ನಿಂತ ಕಾರಕೂನನ ಪಾದ ಮುಟ್ಟಿ, “ಇವರು ನನ್ನ ಮಾವ” ಎನ್ನುತ್ತಾನೆ. ಬೀರಲಿಂಗನ ನೋಟ್ಸಿನಲ್ಲಿ ಹಾಗೆ ಇತ್ತು. ಕೊನೆಯ ಸಾಲು: “ಒಟ್ಟಿನಲ್ಲಿ ಜಯಂತನು ಸಿರಿಯ ಕೆಸರಿನಲ್ಲಿ ಅರಳಿದ ಕಮಲವೆಂದು ಹೇಳಬಹುದು.” ಈ ಸಾಲು ಓದಿ ಒಬ್ಬ ಪರೀಕ್ಷಕರು ಅತ್ತ ಕಣ್ಣೀರಿಗೆ ಹದಿನೆಂಟು ಉತ್ತರಪತ್ರಿಕೆಗಳು ತೊಯ್ದು ಮರುಪರೀಕ್ಷೆ ಮಾಡಬೇಕಾಯಿತಂತೆ.

ಈ ಕಮಲವೇ ಒಂದು ದಿನ ಬೀರಲಿಂಗನ ಮನೆಯಲ್ಲಿ ಅರಳಿತು.

ಹಳೇ ಹುಬ್ಬಳ್ಳಿಯ ಅವನ ಮನೆಯಲ್ಲಿ ಸಂಜೆ ಮಗಳು ಗೀತಾಂಜಲಿ ನೋಟ್ಸಿಗೆ ಪಿನ್ನು ಹೊಡೆಯುತ್ತಿದ್ದಳು. ಹತ್ತು ವರ್ಷದವಳಿದ್ದಾಗಿನಿಂದ ಹೊಡೆದ ಕೈ. ಈಗ ಇಪ್ಪತ್ತಾರು, ಹುಬ್ಬಳ್ಳಿಯ ಆಡಿಟರ್ ಒಬ್ಬರ ಆಫೀಸಿನಲ್ಲಿ ಕೆಲಸ. ಪಿನ್ನಿನ ಸದ್ದು ನಿಂತಿತು.

“ಅಪ್ಪಾ, ಒಂದ ಪ್ರಶ್ನೆ ಕೇಳ್ಲಿ? ಹತ್ತ ಮಾರ್ಕಿಂದು.”

“ನೂರರದ ಕೇಳು. ಹತ್ತರದ ಕೇಳಿ ನನಗ ಅವಮಾನ ಮಾಡಬ್ಯಾಡ.”

“ಸುಹಾಸನ ಪಾತ್ರ ವಿಮರ್ಶಾ ಮಾಡು.”

ಸುಹಾಸ ಯಾರೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಟ್ರ್ಯಾಕ್ಟರ್ ಶೋರೂಮಿನ ಮನೆತನದ ಒಬ್ಬನೇ ಮಗ. ಆಡಿಟ್ ಫೈಲು ತರುವ ನೆಪದಲ್ಲಿ ಮೂರು ವರ್ಷ ಗೀತಾಂಜಲಿಯ ಟೇಬಲ್ಲಿಗೆ ಬಂದು ಹೋದವನು. ಮನೆಗೂ ಎರಡು ಸಲ ಬಂದಿದ್ದ. ಓಣಿಯ ಬಾಯಲ್ಲಿ ಕಾರು ಬಿಟ್ಟು ನಡೆದು ಬಂದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಬೀರಲಿಂಗನ ಹೆಂಡತಿ ಲಕ್ಷ್ಮೀ ಬಡಿಸಿದ ರೊಟ್ಟಿ ಝುಣಕ ಉಂಡಿದ್ದ. ಎಷ್ಟು ರೊಟ್ಟಿ? ಲಕ್ಷ್ಮಿಯ ಲೆಕ್ಕದಲ್ಲಿ ಎರಡೂವರೆ, ಬೀರಲಿಂಗನ ಲೆಕ್ಕದಲ್ಲಿ ಹದಿನಾಲ್ಕು.

“ಅವರ ಮನ್ಯಾಗ ಒಪ್ಪ್ಯಾರಂತ. ಬರೋ ಐತವಾರ ನಾವು ಮನಿ ನೋಡಾಕ ಹೋಗಬೇಕಂತ” ಎಂದಳು ಗೀತಾಂಜಲಿ. “ಇಬ್ಬರ ಇದ್ದಾಗ ಅಂವ ಭಾಳ ಛಲೋ ಅಪ್ಪಾ. ನಾಕ ಮಂದ್ಯಾಗ ಹೆಂಗೋ ನಾ ನೋಡಿಲ್ಲ. ನೀ ಇಂಥಾವರ ಬಗ್ಗೆ ಹರೇದಿಂದ ಬರಕೋತ ಬಂದಾಂವ. ನೀ ಹೂಂ ಅಂದ್ರ ಹೂಂ. ಬ್ಯಾಡ ಅಂದ್ರ ಬ್ಯಾಡ.”

ಇಂಥ ಮಾತನ್ನು ಯಾರೂ ಯಾವತ್ತೂ ಬೀರಲಿಂಗನಿಗೆ ಹೇಳಿರಲಿಲ್ಲ. ಅವನ ಮಾತನ್ನು ಕೇಳಿ ನಗುವವರಿದ್ದರು, ಬರೆದುಕೊಳ್ಳುವವರಿದ್ದರು. ಅದರ ಮೇಲೆ ಬಾಳು ಇಡುತ್ತೇನೆ ಎಂದವರಿರಲಿಲ್ಲ. ಅವನ ಎದೆ ಉಬ್ಬಿ ಅಂಗಿಯ ಗುಂಡಿ ಹಾರಿ ಎದುರುಮನೆಯ ಕಿಟಕಿಗೆ ಬಡಿಯಿತು.

“ಹತ್ತಕ್ಕ ಹತ್ತು!” ಎಂದ. “ಅಂವ ಜಯಂತನ. ನೆಲದ ಮ್ಯಾಲೆ ಕುಂತಾಂವ ಮುಂದ ಎಲ್ಲರೆದುರಿಗೆ ಕಾಲ ಮುಟ್ಟಾಂವನ.”

“ಹಂಗಾದ್ರ ಆ ನಾಟಕಾ ಒಮ್ಮೆ ಪೂರಾ ಓದ್ತೇನಿ, ತಂದಕೊಡು. ಇಷ್ಟ ವರ್ಷ ನಿನ್ನ ನೋಟ್ಸಿಗೆ ಪಿನ್ನ ಹೊಡದೇನಿ, ನಾಟಕಾ ಓದೇ ಇಲ್ಲ.”

“ಲಗೂನ ತರ್ತೇನಿ” ಎಂದ ಬೀರಲಿಂಗ.

ಮರುದಿನವೇ ಸುಹಾಸ ಧಾರವಾಡದ ಅಂಗಡಿಗೆ ಬಂದ. ಅವನ ಕಾರು ಬಂದು ನಿಂತಾಗ ಕಾಲೇಜಿನ ಹಿಂಬಾಗಿಲು ಪೂರ್ತಿ ಮುಚ್ಚಿಹೋಗಿ ಆರುನೂರು ಹುಡುಗರು ಅರ್ಧ ತಾಸು ಒಳಗೇ ಉಳಿದರು. ಅವನು ಮಾತ್ರ ಮುಂಬಾಗಿಲಿನ ದಾರಿಯನ್ನು ಎಲ್ಲರಿಗೂ ನಗುತ್ತ ತೋರಿಸಿ, ಕಾಗದದ ರೀಮಿನ ಮೇಲೆ ಕುಳಿತು, ಗ್ಲಾಸಿನಲ್ಲಿ ಚಹಾ ಕುಡಿದ. ಕೈಯಲ್ಲೊಂದು ಪೊಟ್ಟಣವಿತ್ತು.

“ಕಾಕಾ, ದುರ್ಗದಬೈಲಿನ ಬಜಾರದಾಗ ಒಂದು ಕೋಟು ನೋಡಿದೆ. ನಿಮ್ಮ ಅಳತಿಗೆ ಬರೋಹಂಗ ಕಂಡ್ತು. ಇಲ್ಲ ಅನಬ್ಯಾಡ್ರಿ.”

ಕಂದು ಬಣ್ಣದ, ಮೊಳಕೈಗೆ ತೇಪೆಯಂಥ ಚರ್ಮ ಹಚ್ಚಿದ ಕೋಟು. ಬೀರಲಿಂಗ ತೊಟ್ಟು ನೋಡಿದ. ಹೆಗಲು ಚೂರು ಹಿಡಿಯಿತು, ಆದರೂ ಘನತೆಯಿತ್ತು.

“ಇನ್ನೊಂದು ಸಣ್ಣ ಮಾತದ ಕಾಕಾ” ಎಂದ ಸುಹಾಸ. ದನಿ ಇಳಿಸಲೂ ಇಲ್ಲ. ಇಳಿಸುವಂಥ ಮಾತು ಅದೆಂದು ಅವನಿಗೆ ಅನ್ನಿಸಿದಂತಿರಲಿಲ್ಲ. “ಮನ್ಯಾಗ ನಾ ನಿಮ್ಮನ್ನ ಕನ್ನಡ ಪ್ರೊಫೆಸರ್ ಅಂತ ಹೇಳೇನಿ. ಸುಳ್ಳಂತೂ ಅಲ್ಲ ನೋಡ್ರಿ, ಇಷ್ಟ ಮಂದಿ ನಿಮ್ಮ ಕಡೆಯಿಂದ ಕಲ್ತಾರ. ನನಗೇನು ಅದರ ಫರಕಿಲ್ಲ, ನಿಮಗೊತ್ತದ. ಅಜ್ಜಿ ಹಳೇ ಕಾಲದಾಕಿ. ಒಂದು ದಿನದ ಮಾತು, ಅಡ್ಜಸ್ಟ್ ಮಾಡ್ಕೋರಿ. ಗೀತಾಗ ಮಾತ್ರ ಹೇಳೋದು ಬ್ಯಾಡ, ಸುಮ್ಮನ ಮನಸಿಗೆ ಹಚ್ಕೋತಾಳ.”

“ಪ್ರೊಫೆಸರ್ ಆಗೋದು ನನಗೇನ ದೊಡ್ಡ ಮಾತು!” ಎಂದು ಬೀರಲಿಂಗ ನಕ್ಕ. ಸುಹಾಸ ಅವನ ಕೈ ಹಿಡಿದು, ಎರಡೂ ಕೈಯಲ್ಲಿ ಹಿಡಿದು, ಥ್ಯಾಂಕ್ಸ್ ಹೇಳಿ ಹೋದ.

ತಗಡಿನ ಗೋಡೆಯಾಚೆಯಿಂದ ಅಬ್ದುಲಗನಿಯ ದನಿ ಬಂತು.

“ಮುಬಾರಕ್ ಹೋ ಪ್ರೊಫೆಸರ್ ಸಾಬ್. ಒಂದ ದಿನದ್ದೋ, ದಿನಾಲೂದೋ?”

“ಒಂದ ದಿನ ಅಂದ್ನಲ್ಲೋ.”

“ಹೌದಲಾ. ಮುಂದ ದೀಪಾವಳಿಗೆ ಕರೀತಾರ, ಅವತ್ತೊಂದ ದಿನ. ತೊಟ್ಟಲಕ್ಕ ಒಂದ ದಿನ. ಕೂಸಿನ ಕೂದಲಾ ತಗಿಯೋ ಜಾವಳಕ್ಕ ಒಂದ ದಿನ. ಅವರ ಮಂದಿ ಯಾರರೆ ಧಾರವಾಡಕ್ಕ ಬಂದ್ರ ಅವತ್ತ ನೀ ಅಂಗಡಿ ಶಟರ್ ಇಳಸಬೇಕು. ನಾ ಹೊರಗ ಕುಂತು, ‘ಪ್ರೊಫೆಸರು ಕ್ಲಾಸಿಗೆ ಹೋಗ್ಯಾರ್ರೀ’ ಅನ್ನಬೇಕು. ಪಗಾರಾ ಏನ ಕೊಡ್ತಿ?”

“ನಿನ್ನ ಬಾಯಿಗೆ ಗೋಂದು ಹಚ್ಚಲಿ!”

“ಹಚ್ಚು. ನನ್ನ ಹತ್ತರ ಡಬ್ಬಿಗಟ್ಟಲೆ ಐತಿ.”

ಎರಡು ದಿನ ಬಿಟ್ಟು ಬೀರಲಿಂಗ ನಾಟಕದ ಪ್ರತಿಯೊಂದನ್ನು ಬೈಂಡಿಂಗಿಗೆ ಕೊಟ್ಟ. ಅಬ್ದುಲಗನಿ ಹಾಳೆ ಎಣಿಸಿ, “ಇದರಾಗ ಎರಡ ಅಂಕ ಅದಾವು. ಮೂರನೇದ್ದೆಲ್ಲೋ?” ಎಂದ.

ಮೂರನೆಯದನ್ನು ಗೆದ್ದಲು ತಿಂದಿತ್ತು. ಇಂಥ ಗೆದ್ದಲು ಕಲಘಟಗಿಯ ಕಾಡಿನಲ್ಲೂ ಇಲ್ಲ. ಒಂದೊಂದೂ ಹೆಸರುಬೇಳೆಯಷ್ಟು ದಪ್ಪ, ಮೂವತ್ತೆರಡು ಸಾವಿರದ ದಂಡು. ಕಪಾಟಿನಲ್ಲಿ ಬೇರೆ ನೂರು ಪುಸ್ತಕ ಬಿಟ್ಟು, ಈ ನಾಟಕದ ಮೊದಲೆರಡು ಅಂಕಗಳನ್ನೂ ಬಿಟ್ಟು, ಮೂರನೆಯ ಅಂಕವೊಂದನ್ನೇ ಒಂದಕ್ಷರ ಉಳಿಸದೆ ರುಚಿ ನೋಡಿ ತಿಂದಿದ್ದವು.

“ಪುಟದ ನಂಬರ್ ನೋಡಿ ತಿಂತಾವೇನಲೇ ಗೆದ್ದಲಾ?” ಎಂದು ಅಬ್ದುಲಗನಿ ಕೇಳಿದ. ಬೀರಲಿಂಗ ಮಶೀನನ್ನು ಗೋಡೆಗೆ ಇನ್ನಷ್ಟು ಒತ್ತಿ ಮುಚ್ಚಳ ಎತ್ತಿದ. ಅಬ್ದುಲಗನಿ ಮತ್ತೆ ಏನನ್ನೂ ಕೇಳದೆ ದಾರ ಪೋಣಿಸಿದ.

ಗೀತಾಂಜಲಿ ಎರಡಂಕದ ನಾಟಕವನ್ನು ಒಂದೇ ರಾತ್ರಿಗೆ ಓದಿ ಮುಗಿಸಿ, “ಕಡೀದ್ದು ನಿನ್ನ ನೋಟ್ಸಿನ್ಯಾಗ ಐತಲ್ಲ, ಸಾಕು” ಎಂದಳು. ಬಹಳ ದಿನಗಳ ಮೇಲೆ ಹಾಡು ಗುನುಗಿಕೊಂಡು ಆಫೀಸಿಗೆ ಹೋದಳು.

ಐತವಾರ ಬಂತು. ವಿದ್ಯಾನಗರದ ಆ ಮನೆಯ ಪಡಸಾಲೆಯಲ್ಲಿ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಎರಡು ಚಿಗರಿ ಬಸ್ಸು ಎದುರುಬದುರು ಬಂದು ತಿರುಗಿಸಿಕೊಂಡು ಹೋಗಬಹುದು. ಚಾಲಕನಿಗೆ ಚಪ್ಪಲಿ ಬಿಡಲು ಹೇಳಬೇಕು ಅಷ್ಟೆ. ಬೀರಲಿಂಗ ಕೋಟು ತೊಟ್ಟಿದ್ದ. ಹುಟ್ಟೂರು ಹೆಬ್ಬಳ್ಳಿಯಲ್ಲಿ ಅವ್ವನಿಂದ ಕಲಿತ ‘ಐತಿ’ಯನ್ನು ಚಪ್ಪಲಿಯ ಜೊತೆ ಹೊಸ್ತಿಲಾಚೆ ಬಿಟ್ಟು, ಆ ಮನೆಯವರಂತೆ ‘ಅದ’ ಎನ್ನುತ್ತ ಒಳಗೆ ಹೋದ. ಲಕ್ಷ್ಮೀ ಸೆರಗನ್ನು ಮೂರು ಸಲ ಸರಿಮಾಡಿಕೊಂಡಳು. ಶಿರಾ ಬಂತು, ಅವಲಕ್ಕಿ ಬಂತು, ಬೆಳ್ಳಿಯ ತಾಟಿನಲ್ಲಿ ಎಲೆ ಅಡಿಕೆ ಬಂತು. ಜಾತಿಯ ಮಾತನ್ನು ಯಾರೂ ಎತ್ತಲಿಲ್ಲ. ಎತ್ತುವುದಿಲ್ಲ ಎಂಬುದನ್ನು ಮಾತ್ರ ಸುಹಾಸನ ತಂದೆ ನಾಲ್ಕು ಸಲ ಹೇಳಿದರು.

“ಪ್ರೊಫೆಸರು ಯಾವ ಕಾಲೇಜಿನಾಗ ಇದ್ದೀರಿ?” ಎಂದು ಅಜ್ಜಿ ಕೇಳಿದರು.

ಗೀತಾಂಜಲಿಯ ಕೈಯಲ್ಲಿದ್ದ ಚಮಚ ತಾಟಿಗೆ ತಾಗಿ ಸದ್ದಾಯಿತು. ತಲೆಯೆತ್ತಿ ತಂದೆಯನ್ನು ನೋಡಿದಳು, ಆಮೇಲೆ ಸುಹಾಸನನ್ನು. ಸುಹಾಸ ಅಜ್ಜಿಯ ಕಾಲಬಳಿ ಗಾದಿ ಸರಿಮಾಡುತ್ತಿದ್ದ.

“ಎಲ್ಲಾ ಕಾಲೇಜಿನ ಹುಡುಗರೂ ನಮ್ಮ ಹತ್ತರನ ಬರ್ತಾರ್ರಿ” ಎಂದ ಬೀರಲಿಂಗ. ಅವನ ಜೀವಮಾನದಲ್ಲಿ ಒಂದಕ್ಷರವೂ ಹೆಚ್ಚು ಕಡಿಮೆ ಇಲ್ಲದ ಮಾತು ಅದೊಂದೇ. ಅದನ್ನು ಕೇಳಿ ಅಜ್ಜಿ, “ಭಾಳ ದೊಡ್ಡವರು” ಎಂದು ಕೈಮುಗಿದರು.

ಇಲ್ಲಿಗೇ ಮುಗಿದಿದ್ದರೆ ಗೆದ್ದಂತಿತ್ತು. ಆದರೆ ಮೂಲೆಯ ಆರಾಮಕುರ್ಚಿಯಲ್ಲಿ, ನಿದ್ದೆ ಹೋಗಿದ್ದಾರೆ ಎಂದು ಎಲ್ಲರೂ ತಿಳಿದಿದ್ದ ಒಬ್ಬ ಮುದುಕರು ಕಣ್ಣು ಬಿಟ್ಟರು. ಸುಹಾಸನ ಅಜ್ಜನ ತಮ್ಮ, ಬಾಳಕೃಷ್ಣ. ಎಂಬತ್ತು ದಾಟಿದವರು, ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು.

“ಕನ್ನಡ ಅಂದ್ರಿ? ಬರ್ರಿ ಬರ್ರಿ, ನಮ್ಮವರೊಬ್ಬರು ಸಿಕ್ಕರು! ಈ ಟ್ರ್ಯಾಕ್ಟರ್ ಮಂದಿ ನಡುವ ನನಗ ಮಾತಾಡಲಿಕ್ಕೆ ಯಾರೂ ಇಲ್ಲ. ಈಗ ಏನು ಕಲಸ್ತೀರಿ? ‘ಪಡಸಾಲಿ ಗಡಿಯಾರ’ ಇನ್ನೂ ಅದನೋ ಇಲ್ಲೋ?”

“ಅದ ರೀ” ಎಂದ ಬೀರಲಿಂಗ.

“ಭೇಷ್! ಆ ಜಯಂತನ್ನ ನೀವು ಹೆಂಗ ಕಲಸ್ತೀರಿ? ಹೇಳ್ರಿ, ಇವರೂ ಕೇಳಲಿ.”

ಇಲ್ಲ ಎನ್ನಲು ದಾರಿಯಿರಲಿಲ್ಲ. ಬೀರಲಿಂಗ ಕೋಟಿನ ಗುಂಡಿ ಹಾಕಿಕೊಂಡು ಶುರು ಮಾಡಿದ. ಮೊದಲನೆಯ ಅಂಕ ಹೇಳಿದ, ಗೋಣಿಚೀಲ, ಚಹಾ. ಎರಡನೆಯದು ಹೇಳಿದ, ಉಪವಾಸ. ಮುದುಕರು ತಲೆದೂಗುತ್ತಿದ್ದರು. ಮೂರನೆಯದಕ್ಕೆ ಬಂದಾಗ ಅವನ ದನಿ ತಾನಾಗಿ ಏರಿತು. ಜಯಂತ ಅಟ್ಟದ ಮೆಟ್ಟಿಲಿನ ಮೇಲೆ ಕಾಣಿಸಿಕೊಂಡ. ನೋಟ್ಸಿನಲ್ಲಿ ಒಂಬತ್ತೇ ಇದ್ದ ಮೆಟ್ಟಿಲುಗಳು ಮೂವತ್ತಾದವು, ಒಂದೊಂದನ್ನೂ ಇಳಿಸಿದ. ನೆಂಟರನ್ನು ಸರಿಸಿದ. ಮೂಲೆಯಲ್ಲಿ ತಲೆ ತಗ್ಗಿಸಿ ನಿಂತ ಕಾರಕೂನನ ಮುಂದೆ ಜಯಂತನನ್ನು ಮೊಣಕಾಲೂರಿಸಿದ. “ಇವರು ನನ್ನ ಮಾವ! ನಮ್ಮ ಗಿರಣಿಯ ಕಾರಕೂನರು! ನೋಡ್ರಿ, ಕಣ್ಣು ತುಂಬ ನೋಡ್ರಿ!” ಎಂದಾಗ ಅಜ್ಜಿಯ ಕಣ್ಣು ತುಂಬಿತು, ಲಕ್ಷ್ಮೀ ಮೂಗು ಒರೆಸಿಕೊಂಡಳು. ಹೇಳುತ್ತಿದ್ದ ಬೀರಲಿಂಗನಾದರೋ ಇಷ್ಟು ಹೊತ್ತೂ ಒಬ್ಬನ ಮುಖವನ್ನೇ ನೋಡುತ್ತಿದ್ದ. ಸುಹಾಸನದು.

ಸುಹಾಸ ಸಭ್ಯವಾಗಿ ಮುಗುಳ್ನಗುತ್ತಿದ್ದ.

“ಎಲ್ಲೀದ್ದು ಇದು?” ಎಂದರು ಬಾಳಕೃಷ್ಣ. “ಮೂವತ್ತು ವರ್ಷ ಕಲಸೇನಿ, ಎರಡು ಸಲ ಆಡಿಸೇನಿ. ಇದು ಎಲ್ಲೂ ಇಲ್ಲ. ಮೂರನೇ ಅಂಕದಾಗ ಜಯಂತ ಮಾತೇ ಆಡೋದಿಲ್ಲಲ್ಲ! ಅವರವ್ವ ಆ ಕಾರಕೂನನ್ನ ‘ಇವರು ಬಿಜಾಪುರ ಕಡೆಯ ಜಮೀನದಾರರು’ ಅಂತ ನೆಂಟರಿಗೆ ಪರಿಚಯ ಮಾಡಿಸ್ತಾಳ. ಅಂವ ಕಡಾ ತಂದ ಕೋಟು ಹಾಕ್ಕೊಂಡು ನಿಂತಿರ್ತಾನ. ಎಲ್ಲಾರೂ ಜಯಂತನ ಕಡೆ ನೋಡ್ತಾರ. ಅಂವ ಏನು ಮಾಡ್ತಾನ? ಕುರ್ಚಿ ಎಳಕೊಂಡು ಹತ್ತಿ ಗೋಡಿ ಗಡಿಯಾರಕ್ಕ ಕೀಲಿ ಕೊಡ್ತಾನ. ಕಿರ್, ಕಿರ್. ಪರದೆ. ಅದಕ್ಕ ಅಲ್ಲೇನು ನಾಟಕಕ್ಕ ಆ ಹೆಸರು? ಪ್ರೊಫೆಸರ, ನೀವು ನಾಟಕಾ ಓದೀರೋ ಇಲ್ಲೋ?”

ಎಲ್ಲರೂ ಬೀರಲಿಂಗನ ಕಡೆ ನೋಡಿದರು. ಬೀರಲಿಂಗ ಸುಹಾಸನ ಕಡೆ ನೋಡಿದ. ಈ ಹುಡುಗನೊಬ್ಬ ಈಗ ಎದ್ದು, ‘ಅಜ್ಜಾ, ಇವರು ಪ್ರೊಫೆಸರ್ ಅಲ್ಲ, ಝೆರಾಕ್ಸ್ ಅಂಗಡಿ ಇಟ್ಟಾರ, ನಾನ ಹಂಗ ಹೇಳಿದ್ದೆ’ ಎಂದುಬಿಟ್ಟರೆ ಸಾಕು. ಪಾದ ಮುಟ್ಟುವುದು ಬೇಡ, ಮೆಟ್ಟಿಲು ಇಳಿಯುವುದು ಬೇಡ. ಒಂದು ಮಾತು. ಅವನು ಕಣ್ಣಿನಲ್ಲೇ ಬೇಡಿದ.

ಸುಹಾಸ ಎದ್ದ. ಖರೇ ಎದ್ದ.

“ಅಜ್ಜಾ, ನಿಮ್ಮದು ಹಳೇ ಪ್ರತಿ ಇರಬೇಕು. ಈಗ ಸಿಲೆಬಸ್ ಪೂರಾ ಬದಲಾಗೇದ. ಕಾಕಾ ಅವರದ್ದು ಹೊಸಾ ರೀತಿ ವಿಮರ್ಶಾ” ಎಂದು ನಕ್ಕ. “ಚಹಾ ಆರಲಿಕ್ಕೆ ಹತ್ತೇದ, ತಗೋರಿ ಕಾಕಾ. ಸಕ್ಕರಿ ಸರಿ ಅದನೋ ಇಲ್ಲೋ ನೋಡ್ರಿ.”

ಎಲ್ಲರೂ ನಕ್ಕರು. ಬಾಳಕೃಷ್ಣರೂ, “ಇರಬಹುದಪಾ, ಈಗ ಎಲ್ಲಾ ಹೊಸದು” ಎಂದು ಕಣ್ಣು ಮುಚ್ಚಿದರು. ಮಾನ ಉಳಿಯಿತು. ಹುಡುಗ ತನ್ನ ಕೈಯಾರೆ ಕಪ್ಪು ಎತ್ತಿ ಕೊಟ್ಟ. ಚಹಾ ಚೆಲ್ಲದಂತೆ ಕೆಳಗೆ ಬಶಿಯನ್ನೂ ಹಿಡಿದುಕೊಂಡ. ಇಷ್ಟು ಒಳ್ಳೆಯತನವನ್ನು ಬೈಯುವುದಾದರೂ ಹೇಗೆ? ಬೀರಲಿಂಗ ಚಹಾ ಕುಡಿದ. ಸಕ್ಕರೆ ಸರಿಯಾಗಿತ್ತು.

ಹೊರಡುವಾಗ ಕಾರಿನಲ್ಲಿ ಬಿಡುತ್ತೇನೆ ಎಂದ ಸುಹಾಸನಿಗೆ ಗೀತಾಂಜಲಿ ಬೇಡ ಎಂದಳು. ಮೂವರೂ ಚಿಗರಿ ಬಸ್ಸಿನ ನಿಲ್ದಾಣದಲ್ಲಿ ನಿಂತರು. ಮಧ್ಯಾಹ್ನದ ಬಿಸಿಲು ನಿಲ್ದಾಣದ ಗಾಜಿನ ಬಾಗಿಲುಗಳ ಮೇಲೆ ಬಿದ್ದಿತ್ತು. ಲಕ್ಷ್ಮೀ ಅವರ ಅಡಿಗೆಮನೆಯ ಕಟ್ಟೆ ಎಷ್ಟು ಉದ್ದ ಎಂದು ಹೇಳುತ್ತಿದ್ದಳು.

“ಪ್ರೊಫೆಸರ್ ಅಂತ ಯಾರು ಹೇಳಿದ್ದಪಾ?” ಎಂದಳು ಗೀತಾಂಜಲಿ.

“ನಾನ ಹೇಳಿದ್ದೆ. ಫೋನಿನ್ಯಾಗ, ಅವರಪ್ಪಗ. ನನ್ನ ಬಾಯಿ ನಿನಗ ಗೊತ್ತಿಲ್ಲೇನ?”

“ಇವರ ಬಾಯಿಗೆ ದಬ್ಬಣ ತಗೊಂಡ ಹೊಲಿಗಿ ಹಾಕಬೇಕು” ಎಂದಳು ಲಕ್ಷ್ಮೀ. “ಹುಡುಗ ಸಂಭಾಳಿಸಿದ್ದಕ್ಕ ಮಾನಾ ಉಳೀತು. ಇಲ್ಲಾಂದ್ರ ಏನ ಗತಿ ಆಗ್ತಿತ್ತ್ರಿ?”

ಗೀತಾಂಜಲಿ ಬಸ್ಸು ಬರುವ ಕಡೆ ತಿರುಗಿದಳು. ನಂಬಿದಳು ಎನ್ನಿಸಿತು. ಜೀವನವಿಡೀ ಹೇಳಿದ ಸುಳ್ಳುಗಳ ಹೆಸರು ಇವತ್ತೊಂದು ಕೆಲಸಕ್ಕೆ ಬಂತು: ಹುಡುಗನ ತಪ್ಪು ತನ್ನ ಖಾತೆಗೆ ಸಲೀಸಾಗಿ ಬಿತ್ತು. ಇದರಿಂದ ಮಗಳನ್ನು ಉಳಿಸಿದನೋ, ದಬ್ಬಿದನೋ ಅವನಿಗೆ ತಿಳಿಯಲಿಲ್ಲ. ಬಸ್ಸೊಂದು ಬಂತು. ಬಾಗಿಲು ತೆರೆಯಿತು. ಅವಳು ಹತ್ತಲಿಲ್ಲ, ಬಾಗಿಲು ಮುಚ್ಚಿಕೊಂಡು ಬಸ್ಸು ಹೋಯಿತು.

“ಅಪ್ಪಾ, ಹೋದ ವರ್ಷ ಬ್ಯಾಂಕಿನ ಮ್ಯಾನೇಜರಗ ನೀ ಯಾರಂತ ಹೇಳಿದ್ದಿ?”

“ಅದೇನೋ… ಯುನಿವರ್ಸಿಟಿಗೆ ಸಲಹಾ ಕೊಡಾಂವ ಅಂತ.”

“ಕಾಕಾನ ಮಗಳ ಲಗ್ನದಾಗ?”

“ಕುಲಪತಿಗಳ ಭಾಷಣಾ ಬರಕೊಡಾಂವ ಅಂತ.”

“ಮತ್ತ ರೈಲಿನ್ಯಾಗ ಆ ಟಿ.ಸಿ. ಟಿಕೆಟ್ ಕೇಳಿದಾಗ?”

“ಕುಲಪತಿನ ಅಂತ. ಆದ್ರ ಅಂವ ನಂಬಲಿಲ್ಲವ್ವಾ.”

“ನೀ ನಿನ್ನ ಬಗ್ಗೆ ಸುಳ್ಳ ಹೇಳಾಕ ನಿಂತ್ರ ಪ್ರೊಫೆಸರಿಗೆ ನಿಂದ್ರಾಂವ ಅಲ್ಲ” ಎಂದಳು ಗೀತಾಂಜಲಿ. “ಇಷ್ಟ ಸಣ್ಣ ಸುಳ್ಳ ನಿಂದಲ್ಲ ಅಪ್ಪಾ. ಯಾರೋ ಹೊಲಿಸಿ ತೊಡಸ್ಯಾರ. ಈ ಕೋಟಿನಗತೆ ಹೆಗಲಿಗೆ ಹಿಡದೈತಿ.”

ಲಕ್ಷ್ಮೀ ಗಂಡನನ್ನು ನೋಡಿದಳು. ಬೀರಲಿಂಗ ರಸ್ತೆಯನ್ನು ನೋಡಿದ, ಗಾಜಿನ ಬಾಗಿಲನ್ನು ನೋಡಿದ, ಅದರಲ್ಲಿ ಕಂಡ ಕೋಟಿನವನನ್ನು ನೋಡಿದ. ಹೇಳಲು ಒಂದಾದರೂ ಕಥೆ ಸಿಕ್ಕೀತೆಂದು ತಡಕಾಡಿದ.

“ಅಂವನ ಹೇಳಿದ್ದ” ಎಂದ ಕೊನೆಗೆ. “ಅಂಗಡಿಗೆ ಬಂದಿದ್ದ. ಕೋಟೂ ಅಂವನ ತಂದಿದ್ದ. ನಿನಗ ಹೇಳಬ್ಯಾಡ್ರಿ ಅಂದ.”

ಅವಳ ಕೈಯಲ್ಲಿ ಫೋನು ರಿಂಗಾಯಿತು. ತೆರೆಯ ಮೇಲೆ ಸುಹಾಸನ ಹೆಸರು. ಎತ್ತಲಿಲ್ಲ, ಕತ್ತರಿಸಲಿಲ್ಲ, ಅದು ತಾನಾಗಿ ನಿಲ್ಲುವವರೆಗೂ ಮೂವರೂ ಅದನ್ನೇ ನೋಡುತ್ತ ನಿಂತರು.

“ನಡಿ ಅಪ್ಪಾ, ವಾಪಸ ಹೋಗೂಣು” ಎಂದಳು. “ಅಜ್ಜಿ ಮುಂದ, ಎಲ್ಲಾರ ಮುಂದ ನೀ ಯಾರು ಅಂತ ನಾನ ಹೇಳ್ತೇನಿ. ಆಮ್ಯಾಲೆ ಅಂವ ಏನ ಮಾಡ್ತಾನ ನೋಡೂಣು. ನೀನ ಬರದೀಯಲ್ಲ, ಇಳದು ಬರ್ತಾನಂತ. ನೋಡೇಬಿಡೂಣು.”

ಎರಡು ಹೆಜ್ಜೆ ಇಟ್ಟೇಬಿಟ್ಟಳು. ಬೀರಲಿಂಗ ಕೈಯೆತ್ತಿ ತಡೆದ.

“ನಿಲ್ಲವ್ವಾ. ಬರಂಗಿಲ್ಲ ಅಂವ. ನನಗ ಗೊತ್ತೈತಿ.”

“ಹೆಂಗ ಗೊತ್ತೈತಿ?”

“ಮೂರನೇ ಅಂಕಾ ನಾ ಓದೇನಿ.” ಅವನ ದನಿ ತನಗೇ ಕೇಳಿಸದಷ್ಟು ಸಣ್ಣದಾಗಿತ್ತು. “ಗೆದ್ದಲಾ ಇಲ್ಲ, ಏನಿಲ್ಲ. ನಾನ ಹರದು ಮಶೀನಿನ ಹಿಂದ ತುರಕೇನಿ. ಸುಹಾಸ ಬಂದು ಹೋದ ದಿನಾನ ಹರದೆ. ನೀ ಓದಿದ್ರ ಅವತ್ತ ತಿಳಕೊಂಡಬಿಡ್ತಿದ್ದಿ.”

“ಮತ್ತ ನೋಟ್ಸು?”

“ಅವಾಗ ಬರಿಯಾಕ ಕುಂತಾಗ ನೀ ಬಾಜೂಕ ಮಲಗಿದ್ದಿ, ನಾಕ ವರ್ಷದ ಕೂಸು. ಆ ಕಾರಕೂನನ್ನ ಎಲ್ಲಾರ ಮುಂದ ಹಂಗ ನಿಂದ್ರಿಸಿ ಪರದೆ ಬೀಳಸಾಕ ಕೈ ಬರಲಿಲ್ಲ. ಜಯಂತನ್ನ ಕೆಳಗ ಇಳಿಸಿಬಿಟ್ಟೆ. ಹುಡುಗರಿಗೆ ಮಾರ್ಕೂ ಬಂದ್ವು. ಹೇಳಕೋತ ಹೇಳಕೋತ ನಾನೂ ಖರೇ ಅಂತ ನಂಬಿದೆ.”

ಗೀತಾಂಜಲಿ ತಿರುಗಿ ಬಂದು ಅವನೆದುರು ನಿಂತಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಅವನಿಗೆ ಏನಾದರೂ ಹೇಳಿ ನಗಿಸಲು ಬರುತ್ತಿತ್ತು.

“ಹಂಗಾದ್ರ ನನ್ನ ಪ್ರಶ್ನೆಗೆ ಈಗ ಉತ್ತರಾ ಹೇಳು. ಹೂಂ ಅಂತೀಯೋ, ಬ್ಯಾಡ ಅಂತೀಯೋ?”

“ಕೆಟ್ಟಾಂವ ಅಲ್ಲವ್ವಾ. ಕೆಟ್ಟಾಂವ ಆಗಿದ್ರ ಬ್ಯಾಡ ಅಂತಿದ್ದೆ, ಕೈ ತೊಳಕೋತಿದ್ದೆ. ಇವತ್ತೂ ನನ್ನ ಮಾನಾ ಕಾದ. ಅದ್ಯಾರ ಮಾನಾ ಅನ್ನೋದ ನನಗ ತಿಳೀವಲ್ದು. ಉತ್ತರಾ ನನ್ನ ಹತ್ತರ ಇಲ್ಲ.” ಅವನು ಕೋಟಿನ ಗುಂಡಿ ಬಿಚ್ಚಲು ನೋಡಿದ, ಬೆರಳಿಗೆ ಸಿಗಲಿಲ್ಲ. “ನಾ ಪ್ರೊಫೆಸರ ಅಲ್ಲ, ಏನೂ ಅಲ್ಲ. ಝೆರಾಕ್ಸ್ ತಗ್ಯಾಂವ. ಇದ್ದದ್ದನ್ನ ಇದ್ದಂಗ ತಗದು ನಿನ್ನ ಕೈಯಾಗ ಕೊಡಬೇಕಾಗಿತ್ತು. ಅಷ್ಟೂ ಮಾಡಲಿಲ್ಲ.”